ತಿಳಿನೀರಿನಲ್ಲಿ ಕಾಣದ ವಿಷ

ನೀರನ್ನು ಸೋಸಿ, ಕುದಿಸಿ, ಆರಿಸಿ ಕುಡಿಯಬೇಕೆಂದು ನಾವು ಪಾಠಗಳಲ್ಲಿ ಓದಿದ್ದೇವೆ. ಕಾಲರಾ, ವಿಷಮಶೀತ ಜ್ವರ ಮೊದಲಾದವುಗಳ ರೋಗಾಣುಗಳು ಕುದಿಸಿದರೆ ಸಾಯುತ್ತವೆ. ಆದರೆ ತಿಳಿಯಾಗಿ ಕಾಣುವ ನೀರೆಲ್ಲವೂ ಶುದ್ಧವೇ? ಕೈಗಾರಿಕೆಯ ದ್ರಾವಕಗಳ ವಿಷಯವನ್ನು ತಿಳಿದವರು ಹೌದೆಂದು ಹೇಳಲಾರರು.

ನೀರು ಉಪ್ಪನ್ನು ಕರಗಿಸುತ್ತದೆ, ಜಿಡ್ಡನ್ನು ಕರಗಿಸಲಾರದು. ಆದುದರಿಂದ ಯಂತ್ರಭಾಗಗಳಿಗೆ ಅಂಟಿದ ಎಣ್ಣೆಯನ್ನು ತೆಗೆಯಲು ಟ್ರೈಕ್ಲೋರೋಎಥಿಲೀನ್ ಎಂಬ ದ್ರವವನ್ನೂ, ಬಟ್ಟೆಗಳ ಡ್ರೈಕ್ಲೀನಿಂಗಿಗೆ ಪರ್‌ಕ್ಲೋರೋಎಥಿಲೀನ್ ಎಂಬುದನ್ನೂ ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಇವೆರಡೂ ನೀರಿಗಿಂತ ಭಾರವಾದವು. ನೆಲದ ಮೇಲೆ ಚೆಲ್ಲಿದಾಗ ಒಂದಂಶ ಆವಿಯಾಗುತ್ತದೆ; ಉಳಿದುದು ಮಣ್ಣಿನೊಳಗೆ ಇಳಿದು ಅಂತರ್ಜಲದ ತಳವನ್ನು ಸೇರುತ್ತದೆ. ಅಲ್ಲಿ ಹತ್ತಾರು ವರ್ಷ ಸ್ವಲ್ಪಸ್ವಲ್ಪವಾಗಿ ಕರಗುತ್ತ ನೀರನ್ನು ಕೆಡಿಸುತ್ತದೆ.

ಅಮೆರಿಕದಲ್ಲಿ ಕುಡಿಯುವ ನೀರಿನ ಒಂದು ಲೀಟರಿಗೆ 5 ಮೈಕ್ರೋಗ್ರಾಂಗಿಂತ ಹೆಚ್ಚು ಟ್ರೈಕ್ಲೋರೋಎಥಿಲೀನ್ ಇರಕೂಡದೆಂದು ನಿಯಮವಿದೆ. ಒಂದು ಗ್ರಾಂ ಎಂದರೆ 10 ಲಕ್ಷ ಮೈಕ್ರೋಗ್ರಾಂ. ಲೆಕ್ಕ ಹಾಕಿ ನೋಡಿರಿ: ಒಂದು ಚಮಚವೂ ತುಂಬದ ಒಂದೇ ಗ್ರಾಂ ದ್ರಾವಕವು 2 ಲಕ್ಷ ಲೀಟರ್ ನೀರನ್ನು ಈ ಮಿತಿಗೆ ಮುಟ್ಟಿಸಬಲ್ಲದು!

ಇದಕ್ಕೆ ದೊಡ್ಡ ನಿದರ್ಶನ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕ್ಯಾಂಪ್ ಲೆಜೂನ್ ಸೈನಿಕ ನೆಲೆ. ಅಲ್ಲಿಯ ಒಂದು ವಸತಿಯ ಬಾವಿಗಳಿಗೆ ಹೊರಗಿನ ಡ್ರೈಕ್ಲೀನಿಂಗ್ ಅಂಗಡಿಯ ದ್ರಾವಕ ಸೇರಿತು. ಇನ್ನೊಂದು ಭಾಗದ ಬಾವಿಗಳಿಗೆ ಸೋರುವ ತೊಟ್ಟಿಗಳಿಂದಲೂ ನೆಲಕ್ಕೆ ಸುರಿದ ತ್ಯಾಜ್ಯದಿಂದಲೂ ವಿಷವಿಳಿಯಿತು. 1982ರಲ್ಲಿ ಅಲ್ಲಿಯ ನಲ್ಲಿಯ ನೀರಿನಲ್ಲಿ ಲೀಟರಿಗೆ 1,400 ಮೈಕ್ರೋಗ್ರಾಂವರೆಗೆ ಟ್ರೈಕ್ಲೋರೋಎಥಿಲೀನ್ ಕಂಡುಬಂದಿತು. ಇದು ಈಗಿನ ಮಿತಿಯ 280 ಪಟ್ಟು. ಆದರೂ ಹೆಚ್ಚು ಕೆಟ್ಟ ಬಾವಿಗಳನ್ನು ಮುಚ್ಚಿದ್ದು 1984–85ರಲ್ಲಿ. ಅಷ್ಟರಲ್ಲಿ ಸೈನಿಕರೂ, ಅವರ ಮಡದಿ ಮಕ್ಕಳೂ ವರ್ಷಗಟ್ಟಲೆ ಆ ನೀರನ್ನೇ ಕುಡಿದಿದ್ದರು. ನೊಂದವರು ನ್ಯಾಯಾಲಯದಲ್ಲಿ ಪರಿಹಾರ ಕೇಳಲು ಅವಕಾಶ ಕೊಡುವ ಕಾನೂನು ಬಂದುದು 2022ರಲ್ಲಿ!

ಟ್ರೈಕ್ಲೋರೋಎಥಿಲೀನ್ ಮೂತ್ರಪಿಂಡದ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಯಕೃತ್ತಿಗೂ ನರಮಂಡಲಕ್ಕೂ ಅದರಿಂದ ಹಾನಿಯುಂಟು. ಕುಡಿದವರೆಲ್ಲರೂ ರೋಗಿಗಳಾಗುತ್ತಾರೆಂದಲ್ಲ, ಪ್ರಮಾಣವೂ ಕಾಲಾವಧಿಯೂ ಹೆಚ್ಚಿದಂತೆ ಅಪಾಯ ಹೆಚ್ಚುತ್ತದೆ. ರೋಗವು ಅನೇಕ ವರ್ಷಗಳ ಅನಂತರ ತಲೆದೋರುವುದರಿಂದ ಕಾರಣವನ್ನು ಪತ್ತೆಹಚ್ಚುವುದೂ ಕಷ್ಟ.

ಕುದಿಸಿದರೆ ಸಾಲದೇ? ಸಾಲದು. ದ್ರಾವಕವು ಆವಿಯಾದರೆ ಅದನ್ನು ಅಡಿಗೆಮನೆಯಲ್ಲಿರುವ ತಾಯಿಯೇ ಉಸಿರಾಡಬೇಕಾಗುತ್ತದೆ. ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷಿಸಿದರೆ ಮಾತ್ರ ಸತ್ಯ ತಿಳಿದೀತು. ವಿಶೇಷವಾಗಿ ಹದಗೊಳಿಸಿದ ಇದ್ದಿಲಿನ ಮೂಲಕ ಸೋಸಿ, ಅಥವಾ ಗೋಪುರದಲ್ಲಿ ನೀರಿಳಿಸಿ ಗಾಳಿ ಹಾಯಿಸಿ ಶುದ್ಧೀಕರಿಸಬಹುದು. ಆದರೆ ಅದಕ್ಕೆ ಬಹಳ ಹಣವೂ ಕಾಲವೂ ಬೇಕು.

ನಮ್ಮ ಕಾಸರಗೋಡಿನ ನೆಲ ಹೆಚ್ಚಾಗಿ ಸಂದುಗಳುಳ್ಳ ಕೆಂಪುಕಲ್ಲಿನದು. ಬಹುಪಾಲು ಮನೆಗಳು ಬಾವಿಯನ್ನೇ ನಂಬಿವೆ. ಅಂಗಳದಲ್ಲಿ ಸುರಿದದ್ದು ಬಾವಿಗೆ ಇಳಿಯಲು ಎಷ್ಟು ಹೊತ್ತು? ಬಣ್ಣಕ್ಕೆ ಬೆರೆಸುವ ಥಿನ್ನರ್, ಪೆಟ್ರೋಲು, ಹಳೆಯ ಇಂಜಿನ್ ಎಣ್ಣೆ ಇವುಗಳನ್ನು ಬಾವಿಯ ಬಳಿಯಲ್ಲಾಗಲಿ ತೋಡಿನಲ್ಲಾಗಲಿ ಚೆಲ್ಲಬೇಡಿರಿ. ನೀರಿನಲ್ಲಿ ಹೊಸ ವಾಸನೆ ಬಂದರೆ ಹಿರಿಯರಿಗೆ ತಿಳಿಸಿರಿ. ಹಿರಿಯರು ಅದನ್ನು ಪರೀಕ್ಷೆಗೆ ಕಳುಹಿಸಲಿ. ಬಾವಿಯನ್ನು ತೋಡಿಸಿದವರು ನಮ್ಮ ಅಜ್ಜಂದಿರು. ಅದನ್ನು ಕೆಡದಂತೆ ಮುಂದಿನವರಿಗೆ ಒಪ್ಪಿಸುವುದು ನಮ್ಮ ಹೊಣೆ.