ಪಾತ್ರದ ಪಾಪ ಮತ್ತು ಪಾತ್ರಧಾರಿಯ ನೆಮ್ಮದಿ: ದೊಡ್ಡಾಟದ ಸಾರಥಿಯನ್ನು ಕುರಿತು ಒಂದು ಟಿಪ್ಪಣಿ

ದುಷ್ಟಪಾತ್ರವನ್ನು ಧರಿಸಿದವನು ಆ ಪಾತ್ರದ ಕೃತ್ಯಕ್ಕೆ ಎಷ್ಟರಮಟ್ಟಿಗೆ ಹೊಣೆಗಾರ? ವರವು ಕಾವಲ್ ಇರುವ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಗೆ ಪರಿಚಿತವಾದ ದೊಡ್ಡಾಟವನ್ನು ಇಂದಿನ ಪಾತ್ರಾಭಿನಯದ ಆಟಗಳೊಡನೆ ಹೋಲಿಸಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ದೊಡ್ಡಾಟದಲ್ಲಿ ದುಶ್ಶಾಸನನು ರಂಗಕ್ಕೆ ಬಂದೊಡನೆ ಸಾರಥಿಯು ಅವನ ಹೆಸರು, ಊರು, ಬಿರುದುಗಳನ್ನು ವಿಚಾರಿಸುತ್ತಾನೆ. ಈ ಸಂವಾದವು ಪಾತ್ರವನ್ನು ಅದನ್ನು ಧರಿಸಿದ ಊರಿನ ರೈತನಿಂದ ಬೇರ್ಪಡಿಸುತ್ತದೆ. ಸೀರೆ ಸೆಳೆಯುವ ಕೃತ್ಯವನ್ನು ಪ್ರಸಂಗವೇ ಮೊದಲು ನಿಶ್ಚಯಿಸಿರುತ್ತದೆ. ಮಂಗಳದೊಂದಿಗೆ ಪಾತ್ರಧಾರಿಯ ಹೊಣೆಯೂ ಮುಗಿಯುತ್ತದೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಲ್ಲಿ ಆಟಗಾರರು ಮೇಜಿನ ಸುತ್ತ ಕುಳಿತು ಮಾತಿನಲ್ಲಿಯೇ ಕಥೆ ಕಟ್ಟುತ್ತಾರೆ. ಸೆರೆಸಿಕ್ಕ ವೈರಿಯನ್ನು ಕೊಲ್ಲಬೇಕೆ, ಬಿಡಬೇಕೆ ಎಂಬುದು ಆಟಗಾರನದೇ ತೀರ್ಮಾನ. ಆದುದರಿಂದಲೇ ಧರ್ಮಸಂದಿಗ್ಧವು ಅವನನ್ನು ನೇರವಾಗಿ ತಟ್ಟುತ್ತದೆ. ಇದಕ್ಕೆ ಪರಿಹಾರವಾಗಿ 2013ರಲ್ಲಿ ಜಾನ್ ಸ್ಟಾವ್ರೊಪೌಲೋಸ್ 'ಎಕ್ಸ್ ಕಾರ್ಡ್' ಪದ್ಧತಿಯನ್ನು ರೂಪಿಸಿದರು. ಮೇಜಿನ ಮೇಲಿನ ಆ ಚೀಟಿಯನ್ನು ಯಾರು ಮುಟ್ಟಿದರೂ ಕಾರಣ ಕೇಳದೆ ಆ ಸನ್ನಿವೇಶವನ್ನು ಕೈಬಿಡಲಾಗುತ್ತದೆ.

ಸಾರಥಿಗೆ ಇಂಥ ಅಧಿಕಾರವಿಲ್ಲ ಎಂಬುದು ಗಮನಾರ್ಹ. ಅವನು ಪಾತ್ರವನ್ನು ಪ್ರಶ್ನಿಸಬಲ್ಲ, ಗೇಲಿ ಮಾಡಬಲ್ಲ; ಪ್ರಸಂಗವನ್ನು ನಿಲ್ಲಿಸಲಾರ. ಅವನಿಂದ ದುಶ್ಶಾಸನನ ವೇಷಧಾರಿಗೆ ದೊರೆಯುವ ನೆಮ್ಮದಿ ದ್ರೌಪದಿಯ ವೇಷಧಾರಿಗೂ ದೊರೆಯುತ್ತದೆಂದು ಹೇಳಲಾಗದು. ಸ್ತ್ರೀಪಾತ್ರಗಳನ್ನು ಪುರುಷರೇ ನಿರ್ವಹಿಸುತ್ತಿದ್ದ ಕಾಲದ ಈ ಚೌಕಟ್ಟು, ಕಲಾವಿದೆಯರೂ ದ್ರೌಪದಿಯಾಗುವ ಇಂದಿನ ರಂಗಕ್ಕೆ ಸಾಲದು. ನಮ್ಮ ಬಯಲಾಟ ಅಧ್ಯಯನಗಳು, ಅಟ್ಟದ ಮೇಲಿನ ಕೃತ್ಯವನ್ನು ತಡೆಯುವ ಹಕ್ಕು ಯಾರಿಗಿದೆ ಎಂಬುದನ್ನೂ ಕ್ಷೇತ್ರಕಾರ್ಯದಲ್ಲಿ ಕೇಳಬೇಕಾಗಿದೆ.