ಐದೂವರೆ ಗುಂಟೆಯ ಚುಕ್ಕೆ

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ನಾನು ಮಾಡಿದ ಮೊದಲ ಭೂಬಳಕೆ ನಕ್ಷೆಯಲ್ಲಿ ನಮ್ಮ ಮನೆಯ ತೋಟ ಇರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳನ್ನು ಉಪಗ್ರಹ ಚಿತ್ರದಿಂದ ವಿಂಗಡಿಸುವ ಪ್ರಾಜೆಕ್ಟನ್ನು ನಾನೇ ಕೇಳಿ ಪಡೆದಿದ್ದೆ. ಹುಟ್ಟಿ ಬೆಳೆದ ನೆಲ, ಕೆಲಸ ಸಲೀಸು ಅಂದುಕೊಂಡಿದ್ದೆ. ಕಂಪ್ಯೂಟರು ವಿಂಗಡಣೆ ಮುಗಿಸಿದ ರಾತ್ರಿ ಸಿದ್ದಾಪುರ ಸೀಮೆಯ ನಮ್ಮ ಕಣಿವೆಯನ್ನು ಹಿಗ್ಗಿಸಿ ನೋಡಿದೆ. ಅಜ್ಜನ ಕಾಲದ ಅಡಿಕೆ ತೋಟವೂ ಅದರಾಚೆಯ ಕಾನೂ ಒಂದೇ ಬಣ್ಣ ಬಳಿದುಕೊಂಡು 'ನಿತ್ಯಹರಿದ್ವರ್ಣ ಕಾಡು' ಆಗಿದ್ದವು. ತೋಟದ ಮೇಲಿನ ಸೊಪ್ಪಿನ ಬೆಟ್ಟ 'ಶಿಥಿಲ ಕಾಡು' ಆಗಿತ್ತು.

ಕಾರಣ ಹುಡುಕುತ್ತ ಹೋದಾಗಲೇ ದೂರ ಸಂವೇದನೆ ಅಂದರೇನೆಂದು ನನಗೆ ತಿಳಿಯತೊಡಗಿದ್ದು. ಎಲೆಯು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ನಾವು ಬಳಸುವ ಚಿತ್ರಗಳಲ್ಲಿ ಆ ಬೆಳಕಿಗೆ ಕೆಂಪು ಬಣ್ಣ ಕೊಟ್ಟಿರುವುದರಿಂದ ಹಸಿರೆಲ್ಲ ಕೆಂಪಾಗಿ ಕಾಣುತ್ತದೆ. ನಾನು ತೆಗೆದುಕೊಂಡದ್ದು ಇಸ್ರೋದ ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-3 ಚಿತ್ರ. ಅದರ ಒಂದು ಚುಕ್ಕೆ ನೆಲದ ಮೇಲೆ 23.5 ಮೀಟರ್ ಉದ್ದ, ಅಷ್ಟೇ ಅಗಲ; ನಮ್ಮೂರ ಲೆಕ್ಕದಲ್ಲಿ ಸುಮಾರು ಐದೂವರೆ ಗುಂಟೆ. ಆ ಐದೂವರೆ ಗುಂಟೆಯಲ್ಲಿ ಅಡಿಕೆ ಮರ, ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ನೆರಳಲ್ಲಿ ಏಲಕ್ಕಿ, ಅಂಚಿಗೆ ಹಲಸು. ಎಲ್ಲದರ ಬೆಳಕೂ ಸೇರಿ ಉಪಗ್ರಹಕ್ಕೆ ಸಿಗುವುದು ಒಂದು ಬಣ್ಣಕ್ಕೆ ಒಂದೇ ಅಂಕಿ. ಕಾನಿನಲ್ಲೂ ಹೀಗೇ ಎತ್ತರದ ಮರ, ಗಿಡ್ಡ ಮರ, ಬಳ್ಳಿ, ಪೊದೆ. ನಮ್ಮ ಹಿರಿಯರು ತೋಟವನ್ನು ಕಾಡಿನ ಹಾಗೇ ಪದರಪದರವಾಗಿ ಕಟ್ಟಿದ್ದರು. ಅದನ್ನು ಕಾಡೆಂದು ಓದಿದ್ದರಲ್ಲಿ ಯಂತ್ರದ ತಪ್ಪು ಏನೂ ಇರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಮುದ್ರಿಸಿದ ಹಾಳೆಯನ್ನು ಜಗಲಿಯಲ್ಲಿ ಹಾಸಿದೆ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ. ತೋಟ ಕಾಡಾದದ್ದಕ್ಕೆ ಅವನಿಗೆ ಬೇಸರ ಬಂದಂತೆ ಕಾಣಲಿಲ್ಲ. ಬೆಟ್ಟದ ಮೇಲೆ ಬೆರಳಿಟ್ಟು ಕೇಳಿದ: "ಬೆಟ್ಟ ಹಾಳಾಜು ಹೇಳಿ ನಿಂಗೆ ಯಾರು ಹೇಳಿದ್ರು ತಮಾ?"

ಯಾರೂ ಹೇಳಿರಲಿಲ್ಲ. ನಾನೇ ಬರೆದದ್ದು, ಅದೂ ಪಠ್ಯಪುಸ್ತಕದಲ್ಲಿದ್ದ ವರ್ಗಗಳ ಪಟ್ಟಿಯಿಂದ ಎತ್ತಿ. ಘಟ್ಟದ ಮೇಲಿನ ತೋಟಿಗರಿಗೆ ಒಂದು ಎಕರೆ ಬಾಗಾಯ್ತಿಗೆ ಒಂಬತ್ತು ಎಕರೆವರೆಗೆ ಬೆಟ್ಟದ ಸೌಲಭ್ಯ ಬ್ರಿಟಿಷರ ಕಾಲದಿಂದ ಬಂದದ್ದು. ಸೊಪ್ಪು ಕಡಿಯುವುದು, ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವುದು, ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡಿ ತೋಟಕ್ಕೆ ಹೊರುವುದು. ಟೊಂಗೆ ಸವರಿದ ಮರದ ನೆತ್ತಿ ಚಿಕ್ಕದಾಗಿರುತ್ತದೆ, ನಡುವೆ ಕರಡದ ಹುಲ್ಲು ಕಾಣುತ್ತದೆ. ಮೇಲಿಂದ ನೋಡಿದರೆ ತೆಳ್ಳಗಾದ ಕಾಡು. ನಿಜಕ್ಕೂ ಬೋಳಾದ ಬೆಟ್ಟಗಳು ಇವೆ, ನಾನು ನಡೆದು ನೋಡಿದ್ದೇನೆ. ಮಗನಿಗೆ ಕೊಡುವ ಆಸ್ತಿಯಂತೆ ಕಾಪಾಡಿಕೊಂಡು ಬಂದವೂ ಇವೆ. ಎರಡಕ್ಕೂ 'ಶಿಥಿಲ' ಎಂಬ ಒಂದೇ ಹಣೆಪಟ್ಟಿ ಕಟ್ಟಿದ್ದು ನಾನು. ಕಾನು, ಬೆಟ್ಟ, ಬೇಣ, ಹಕ್ಕಲು, ತೋಟ, ಗದ್ದೆ ಎಂದು ಊರಲ್ಲಿ ಇಷ್ಟೆಲ್ಲ ಹೆಸರಿರುವಾಗ ಅವನ್ನು ಮೂರು ವರ್ಗಕ್ಕೆ ಇಳಿಸಿದ್ದೂ ನಾನೇ. ವರ್ಗಕ್ಕೆ ಹೆಸರಿಡುವುದು ತಾಂತ್ರಿಕ ಕೆಲಸ ಎಂದು ಅಲ್ಲಿವರೆಗೆ ನಂಬಿದ್ದೆ.

ಅದು ತೀರ್ಪು ಕೊಡುವ ಕೆಲಸ. ಭಾರತೀಯ ಅರಣ್ಯ ಸರ್ವೇಕ್ಷಣೆಯವರು 1987ರಿಂದ ಪ್ರಕಟಿಸುತ್ತಿರುವ ವರದಿಗಳ ಈಗಿನ ವ್ಯಾಖ್ಯೆಯಲ್ಲಿ 'ಅರಣ್ಯ ಹೊದಿಕೆ' ಎಂದರೆ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ. 10ಕ್ಕಿಂತ ಹೆಚ್ಚು ಮರದ ನೆರಳಿರುವ ಜಾಗ. ಒಡೆತನ ಯಾರದ್ದಾದರೂ ಸರಿ, ಹಣ್ಣಿನ ತೋಟವಾದರೂ ತಾಳೆಯ ಜಾತಿಯ ಮರಗಳಾದರೂ ಸರಿ. ವ್ಯಾಖ್ಯೆಯನ್ನು ಅವರು ಬಚ್ಚಿಟ್ಟಿಲ್ಲ, ವರದಿಯಲ್ಲೇ ಇದೆ. ಅದನ್ನು ಓದದೆ ಬರೇ ಅಂಕಿ ಹಿಡಿದು ಮಾತಾಡುವವರೇ ಹೆಚ್ಚು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂದಾಗ ನಮ್ಮ ಮೂರೂ ತಾಲ್ಲೂಕುಗಳ ಹಳ್ಳಿಗಳು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿದ್ದವು. ಉಪಗ್ರಹ ಚಿತ್ರದಿಂದ ಸಹಜ ಭೂದೃಶ್ಯ, ಜನ ರೂಢಿಸಿದ ಭೂದೃಶ್ಯ ಎಂದು ಬೇರ್ಪಡಿಸಿ, ಶೇ. 20 ಅಥವಾ ಹೆಚ್ಚು ಸೂಕ್ಷ್ಮ ಪ್ರದೇಶವಿರುವ ಹಳ್ಳಿಯನ್ನು ಇಡಿಯಾಗಿ ಸೇರಿಸುವ ಕ್ರಮ ಅದು. ತೋಟವನ್ನೂ ಕಾಡೆಂದು ಎಣಿಸಿದ್ದಾರೆಂದು ಮಲೆನಾಡಿನ ಸಭೆಗಳಲ್ಲಿ ಜನ ದೂರಿದರು. ಘಟ್ಟ ಉಳಿಯಬೇಕೆಂದು ನಾನು ಮನಸಾರೆ ಬಯಸುವವನು. ಆದರೂ ಆ ದೂರನ್ನು ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ಅದೇ ತಪ್ಪನ್ನು ನನ್ನ ಕೈಯಾರೆ ಮಾಡಿದ್ದೆ.

ದಾರಿ ತೋರಿಸಿದ್ದೂ ಅಪ್ಪಯ್ಯನ ಮಾತೇ. "ತೋಟ ಹಳ್ಳದ ಬುಡದಾಗೇ ಇರ್ತು. ಗುಡ್ಡದ ನೆತ್ತಿಗೆ ಅಡಿಕೆ ಯಾರು ಹಾಕ್ತ?" ಸರ್ವೆ ಆಫ್ ಇಂಡಿಯಾದ 48ಜೆ ಸರಣಿಯ ಹಾಳೆಗಳಿಂದ ಹಳ್ಳಗಳನ್ನು ಒಂದೊಂದಾಗಿ ಗೆರೆ ಎಳೆದೆ. 2000ದ ಫೆಬ್ರುವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ಎತ್ತರದ ಮಾಹಿತಿಯನ್ನು ಸೇರಿಸಿದೆ. ಹಳ್ಳಕ್ಕೆ ಹತ್ತಿರ, ಹಳ್ಳದಿಂದ ಹೆಚ್ಚು ಎತ್ತರವಿಲ್ಲ, ವರ್ಷವಿಡೀ ಹಸಿರು: ಅದು ತೋಟ. ನಕ್ಷೆ ಎಷ್ಟು ಚೆನ್ನಾಗಿ ಬಂತೆಂದರೆ ಎರಡು ದಿನ ಅದನ್ನೇ ನೋಡುತ್ತ ಕುಳಿತಿದ್ದೆ. ಮೂರನೇ ದಿನ ಸಿದ್ದಾಪುರದ ಕತ್ತಲೆಕಾನಿನ ಮೇಲೆ ಕಣ್ಣು ಬಿತ್ತು. ಅಲ್ಲಿನ ಹಳ್ಳಗಳ ಬದಿಗೆ ರಾಮಪತ್ರೆ ಜೌಗು ಇದೆ. ನೀರಲ್ಲೇ ನಿಂತು ಮಂಡಿಯಂತೆ ಬಾಗಿದ ಬೇರುಗಳನ್ನು ಮೇಲೆತ್ತಿ ಉಸಿರಾಡುವ ಮರಗಳು, ಪಶ್ಚಿಮ ಘಟ್ಟದಲ್ಲಿ ಅಲ್ಲೊಂದು ಇಲ್ಲೊಂದು ಮಾತ್ರ ಉಳಿದಿರುವ ಬಹು ಪ್ರಾಚೀನ ಕಾಡು. ಅದೂ ಹಳ್ಳಕ್ಕೆ ಹತ್ತಿರ, ಅದೂ ವರ್ಷವಿಡೀ ಹಸಿರು. ನನ್ನ ನಿಯಮ ಅದನ್ನು ಅಡಿಕೆ ತೋಟ ಮಾಡಿಬಿಟ್ಟಿತ್ತು. ಅಂಥ ನಕ್ಷೆ ಯಾರಾದರೂ ಅಧಿಕಾರಿಯ ಮೇಜಿಗೆ ಹೋಗಿದ್ದರೆ ಎಂದು ನೆನೆದು ಮೈ ಜುಮ್ಮೆಂದಿತು. ಜೌಗುಗಳನ್ನು ಕೊನೆಗೆ ಯಾವ ಸೂತ್ರದಿಂದಲೂ ಹಿಡಿಯಲಾಗಲಿಲ್ಲ. ಕಾಲಿಗೆ ಉಂಬಳ ಹತ್ತಿಸಿಕೊಂಡು ಹೋಗಿ, ಜಿಪಿಎಸ್ ಹಿಡಿದು ಸುತ್ತು ಬಂದು, ಕೈಯಿಂದಲೇ ಗೆರೆ ಹಾಕಿದೆ.

ನಿಖರತೆಯ ಪರೀಕ್ಷೆಯಲ್ಲಿ ಇನ್ನೊಂದು ಪಾಠ ಕಾದಿತ್ತು. ಶೇ. 85 ಬಂದರೆ ಸಾಕೆಂಬ ರೂಢಿ 1976ರ ಅಮೆರಿಕದ ಒಂದು ಭೂಬಳಕೆ ಕೈಪಿಡಿಯಿಂದ ಬಂದದ್ದು. ನನಗೆ ಅದಕ್ಕಿಂತ ಹೆಚ್ಚೇ ಬಂದಿತ್ತು. ಪರೀಕ್ಷೆಗೆ ಆರಿಸಿದ ಜಾಗಗಳನ್ನು ನಕ್ಷೆಯ ಮೇಲೆ ಹಾಕಿ ನೋಡಿದರೆ ಅವೆಲ್ಲ ಶಿರಸಿ–ಸಿದ್ದಾಪುರ, ಶಿರಸಿ–ಯಲ್ಲಾಪುರ ರಸ್ತೆಗಳ ಅಕ್ಕಪಕ್ಕ ದಾರದಲ್ಲಿ ಪೋಣಿಸಿದ ಹಾಗೆ ಇದ್ದವು. ಬೈಕು ಹೋದಲ್ಲಿ ಮಾತ್ರ ನಾನು ಸರಿಯಾಗಿದ್ದೆ. ಕಂಪ್ಯೂಟರು ಕಣ್ಣುಮುಚ್ಚಿ ಆರಿಸಿದ ಹೊಸ ಜಾಗಗಳಿಗೆ ಸಂಕ ದಾಟಿ ನಡೆದು ಹೋದ ಮೇಲೆ ಅಂಕಿ ಇಳಿಯಿತು. ಇಳಿದ ಅಂಕಿಯನ್ನೇ ಪ್ರಬಂಧದಲ್ಲಿ ಬರೆದೆ. ಹೆಚ್ಚು ಅಂಕ ಸಿಗಲಿಲ್ಲ, ಆದರೆ ಆ ಪುಟವನ್ನು ಇವತ್ತೂ ಯಾರ ಮುಂದೆ ಬೇಕಾದರೂ ತೆರೆಯಬಲ್ಲೆ.

ಇನ್ನೊಂದು ಕೊರತೆ ಮಳೆಗಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಘಟ್ಟದ ಚಿತ್ರ ತೆರೆದರೆ ಬಿಳಿ ಮೋಡ ಬಿಟ್ಟು ಬೇರೇನೂ ಸಿಗುವುದು ಅಪರೂಪ. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡಗಳು ಜಾರಿ ತೋಟ, ಮನೆ, ರಸ್ತೆ ಹೋದವು. ನೆಲ ನೋಡಲೇಬೇಕಾದ ಆ ದಿನಗಳಲ್ಲಿ ಕ್ಯಾಮೆರಾದ ಉಪಗ್ರಹಗಳಿಗೆ ಕಣ್ಣಿರಲಿಲ್ಲ. ಮೋಡ ತೂರಿ ನೋಡುವ ರೇಡಾರ್ ಉಪಗ್ರಹಗಳಿವೆ, ಯುರೋಪಿನ ಸೆಂಟಿನೆಲ್-1ರ ಮಾಹಿತಿ ಯಾರಿಗೂ ಉಚಿತ. ಅದನ್ನು ಓದುವುದನ್ನು ನಾನು ಕೋರ್ಸಿನಲ್ಲಿ ಆಸಕ್ತಿಯಿಂದ ಕಲಿತಿರಲಿಲ್ಲ, ಕಷ್ಟವೆಂದು ಬದಿಗಿಟ್ಟಿದ್ದೆ. ಮಲೆನಾಡಿನಿಂದ ಈ ವಿಷಯ ಓದಲು ಹೋಗುವ ಹುಡುಗ ಹುಡುಗಿಯರು ಸಿಕ್ಕಿದಾಗಲೆಲ್ಲ ರೇಡಾರ್ ಬಿಡಬೇಡಿ ಎನ್ನುತ್ತೇನೆ.

ಈಗ ಯುರೋಪಿನದೇ ಕ್ಯಾಮೆರಾ ಉಪಗ್ರಹ ಸೆಂಟಿನೆಲ್-2ರ ಚುಕ್ಕೆ ಹತ್ತು ಮೀಟರಿನದು. ಮುಂಬಯಿ ಪ್ರಾಂತದ ಕಾಲದ ಮೋಜಣಿ ಸರಪಳಿ 33 ಅಡಿ, ಅದೂ ಹತ್ತು ಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ. ಹಾಗಾಗಿ ಇವತ್ತಿನ ಉಪಗ್ರಹದ ಚುಕ್ಕೆಯೂ ಹೆಚ್ಚುಕಡಿಮೆ ಒಂದು ಗುಂಟೆಯೇ. ಇದನ್ನು ಊರಲ್ಲಿ ಹೇಳಿದ್ದೇ ತಡ, ಗಡಿಯ ತಕರಾರು ಹಿಡಿದು ಜನ ಮನೆಗೆ ಬರತೊಡಗಿದರು. ಹೋದ ಬೇಸಿಗೆಯಲ್ಲಿ ದಾಯಾದಿಗಳಿಬ್ಬರು ಬಂದರು. ಮೊಬೈಲಿನ ನಕ್ಷೆಯಲ್ಲಿ ಸರ್ವೆ ನಂಬರಿನ ಗೆರೆ ಒಬ್ಬರ ಕೊಟ್ಟಿಗೆಯ ನಡುವೆ ಹಾದುಹೋಗಿತ್ತು. ಕಾಗದದ ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸುವಾಗ ಗೆರೆ ಸರಿಯುತ್ತದೆ, ಹದ್ದುಬಸ್ತಿಗೆ ಅರ್ಜಿ ಕೊಡಿ ಎಂದೆ. ಆದರೂ ಮೂವರೂ ಕತ್ತಿ ಹಿಡಿದು ಹೊರಟೆವು. ಸಂಜೆಯಾಗುವಷ್ಟರಲ್ಲಿ ಬೆಟ್ಟದ ಅಂಚಿನ ಪೊದೆಯ ಬುಡದಲ್ಲಿ ಪಾಚಿಗಟ್ಟಿದ ಬಾಂದು ಕಲ್ಲು ಸಿಕ್ಕಿತು. ಅಲ್ಲಿಂದ ಕೊಟ್ಟಿಗೆಯ ಕಡೆಗೆ ಹೆಜ್ಜೆ ಎಣಿಸುತ್ತ ಹಿರಿಯವರು ಮುಂದೆ ನಡೆದರು, ಕಿರಿಯವರು ಫೋನು ಕಿಸೆಗೆ ಹಾಕಿ ಹಿಂದಿನಿಂದ ಜೋರಾಗಿ ಎಣಿಸತೊಡಗಿದರು.