ಸರ್ವರಿನ ಹೊರಗೆ ದತ್ತಸಂಚಯದ ಪರೀಕ್ಷೆ

ಪ್ರಯೋಗಶಾಲೆಯಲ್ಲಿ ಗ್ಯಾಲ್ವನೋಮೀಟರನ್ನು ಪರೀಕ್ಷಿಸಲು ನಾವು ಅದನ್ನು ಊರಿನ ವಿದ್ಯುತ್ ತಂತಿಗೆ ಜೋಡಿಸುವುದಿಲ್ಲ. ಮೇಜಿನ ಮೇಲೆ ಒಂದು ವಿದ್ಯುತ್ಕೋಶ, ಒಂದು ರೋಧಕ, ಒಂದು ಕೀಲಿ ಇದ್ದರೆ ಸಾಕು. ಗಣಕದ ಕ್ರಮವಿಧಿಗಳ ಪರೀಕ್ಷೆಗೂ ಇದೇ ನ್ಯಾಯ ಸಲ್ಲುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹಾದಿಯಲ್ಲಿರುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದುದು. ಆ ಹಣ್ಣನ್ನು ಕಲಬುರಗಿಯ ಪೇಟೆಯಲ್ಲಿ ಮಾರಿದ ಲೆಕ್ಕವನ್ನಿಡಲು ವಿದ್ಯಾರ್ಥಿಗಳು ಜಾವಾ ಭಾಷೆಯಲ್ಲಿ ಒಂದು ಕ್ರಮವಿಧಿಯನ್ನು ರಚಿಸಿದರೆಂದು ಭಾವಿಸೋಣ. 100 ಡಜನ್ ದಾಸ್ತಾನಿನಲ್ಲಿ 20 ಡಜನ್ ಮಾರಾಟವಾದರೆ ದಾಸ್ತಾನು 80ಕ್ಕೆ ಇಳಿಯಬೇಕು. ಬೆಳೆಗಾರನ ಖಾತೆಗೆ ಹಣ ಜಮೆಯಾಗಬೇಕು. ಮೊದಲನೆಯದು ನಡೆದು ಎರಡನೆಯದು ತಪ್ಪಿದರೆ ಬೆಳೆಗಾರನಿಗೆ ಹಣ್ಣೂ ಇಲ್ಲ, ಹಣವೂ ಇಲ್ಲ! ಎರಡೂ ನಡೆಯಬೇಕು, ಇಲ್ಲವೆ ಯಾವುದೂ ನಡೆಯಬಾರದು. ಇಂತಹ ಅವಿಭಾಜ್ಯ ವ್ಯವಹಾರಕ್ಕೆ ಟ್ರಾನ್ಸಾಕ್ಷನ್ ಎಂದು ಹೆಸರು.

ಜಾವಾದ ವಸ್ತುಗಳನ್ನು ದತ್ತಸಂಚಯದ ಕೋಷ್ಟಕಗಳಲ್ಲಿ ಉಳಿಸುವ ಲೈಬ್ರರಿಗಳಲ್ಲಿ ಹೈಬರ್ನೇಟ್ ಪ್ರಸಿದ್ಧವಾದುದು. ಗ್ಯಾವಿನ್ ಕಿಂಗ್ ಅವರು ಇದನ್ನು 2001ರಲ್ಲಿ ಆರಂಭಿಸಿದರು. 2006ರಲ್ಲಿ ಇಂತಹ ಲೈಬ್ರರಿಗಳಿಗೆಲ್ಲ ಜಾವಾ ಪರ್ಸಿಸ್ಟೆನ್ಸ್ ಎಂಬ ಸಮಾನ ನಿಯಮಾವಳಿ ಬಂದಿತು. ಅಪ್ಲಿಕೇಷನ್ ಸರ್ವರಿನೊಳಗೆ ದತ್ತಸಂಚಯದ ಸಂಪರ್ಕವನ್ನು ಒದಗಿಸುವುದೂ ವ್ಯವಹಾರವನ್ನು ತೊಡಗಿಸಿ ಮುಗಿಸುವುದೂ ಸಾಮಾನ್ಯವಾಗಿ ಸರ್ವರಿನ ಹೊಣೆ. ಆದರೆ ಪ್ರತಿಯೊಂದು ತಿದ್ದುಪಡಿಗೂ ಸರ್ವರನ್ನು ಅಣಿಗೊಳಿಸುತ್ತಿದ್ದರೆ ಕಾಲ ವ್ಯಯವಾಗುತ್ತದೆ; ದೋಷ ಕಂಡಾಗ ಅದು ನಮ್ಮದೋ ಸರ್ವರಿನದೋ ತಿಳಿಯುವುದಿಲ್ಲ. ಸರ್ವರಿನಿಂದ ಹೊರಬಂದೊಡನೆ ಅದರ ಹೊಣೆಯೆಲ್ಲ ನಮ್ಮದಾಗುತ್ತದೆ.

ಆದುದರಿಂದ ಪರೀಕ್ಷೆಗೆಂದೇ ಬೇರೊಂದು ಪರ್ಸಿಸ್ಟೆನ್ಸ್ ವಿನ್ಯಾಸವನ್ನು ಬರೆಯಬೇಕು. ಅದರಲ್ಲಿ ವ್ಯವಹಾರದ ಬಗೆಯನ್ನು ‘ಜೆಟಿಎ’ ಎಂಬುದರಿಂದ ‘ರಿಸೋರ್ಸ್ ಲೋಕಲ್’ ಎಂಬುದಕ್ಕೆ ಬದಲಿಸುತ್ತೇವೆ. ಸರ್ವರು ಕೊಡುತ್ತಿದ್ದ ಸಂಪರ್ಕದ ಹೆಸರಿಗೆ ಬದಲಾಗಿ ದತ್ತಸಂಚಯದ ವಿಳಾಸ, ಚಾಲಕ, ಬಳಕೆದಾರನ ಹೆಸರುಗಳನ್ನು ನಾವೇ ನಮೂದಿಸುತ್ತೇವೆ. ಉಳಿಸಬೇಕಾದ ಕ್ಲಾಸುಗಳನ್ನು ಒಂದೊಂದಾಗಿ ಹೆಸರಿಸುತ್ತೇವೆ. ಕೋಷ್ಟಕಗಳನ್ನು ಆರಂಭದಲ್ಲಿಯೇ ರಚಿಸುವಂತೆ ಸೂಚಿಸುತ್ತೇವೆ. ನಮ್ಮ ವಿದ್ಯುತ್ಕೋಶದ ಸ್ಥಾನದಲ್ಲಿ ‘ಎಚ್2’ ಎಂಬ ಪುಟ್ಟ ದತ್ತಸಂಚಯವಿರಲಿ. ಅದನ್ನು ಗಣಕದ ಸ್ಮೃತಿಯಲ್ಲಿಯೇ ನಡೆಸಬಹುದು. ಕ್ರಮವಿಧಿ ಮುಗಿದಾಗ ಅದೂ ಅಳಿಯುತ್ತದೆ. ನಿಜವಾದ ಲೆಕ್ಕದ ಪುಸ್ತಕಕ್ಕೆ ಯಾವ ಬಾಧೆಯೂ ಇಲ್ಲ.

ಇನ್ನು ಪರೀಕ್ಷೆ. ವ್ಯವಹಾರವನ್ನು ನಾವೇ ಆರಂಭಿಸಿ, ದಾಸ್ತಾನನ್ನು 80ಕ್ಕೆ ಇಳಿಸಿ, ಆ ಬದಲಾವಣೆಯನ್ನು ದತ್ತಸಂಚಯಕ್ಕೆ ಕಳುಹಿಸೋಣ. ಹಣ ಜಮೆಯಾಗುವ ಮೊದಲೇ ಬೇಕೆಂದೇ ಒಂದು ದೋಷವನ್ನೊಡ್ಡಿ, ವ್ಯವಹಾರವನ್ನು ರದ್ದುಗೊಳಿಸೋಣ. ಈಗ ದಾಸ್ತಾನು ಮತ್ತೆ 100 ಆಗಿರಬೇಕು.

ಇಲ್ಲೊಂದು ಎಚ್ಚರಿಕೆ ಅವಶ್ಯ. ಬರೆಯಲು ಬಳಸಿದ ಎಂಟಿಟಿ ಮ್ಯಾನೇಜರಿನಿಂದಲೇ ಮರಳಿ ಓದಿದರೆ, ಅದು ದತ್ತಸಂಚಯದವರೆಗೆ ಹೋಗದೆ ತನ್ನ ನೆನಪಿನಲ್ಲಿರುವ ಪ್ರತಿಯನ್ನೇ ಕೊಡಬಹುದು. ಆಗ ನಾವು ಪರೀಕ್ಷಿಸಿದ್ದು ದತ್ತಸಂಚಯವನ್ನಲ್ಲ, ಅದರ ನೆರಳನ್ನು! ಆದಕಾರಣ ಹೊಸದೊಂದು ಮ್ಯಾನೇಜರನ್ನು ತೆರೆದು ಓದಬೇಕು.

ಮೇಜಿನ ಮೇಲಿನ ಕೋಶವೇ ಊರಿನ ವಿದ್ಯುತ್ತಲ್ಲ. ಎಚ್2 ಒಪ್ಪಿದ ಆಜ್ಞೆಯನ್ನು ಬೇರೊಂದು ದತ್ತಸಂಚಯ ಒಪ್ಪದಿರಬಹುದು. ಆದುದರಿಂದ ಬಳಕೆಗೆ ಬಿಡುವ ಮುನ್ನ ನಿಜವಾದ ಸರ್ವರು, ನಿಜವಾದ ದತ್ತಸಂಚಯ ಇವುಗಳೊಡನೆ ಮತ್ತೊಮ್ಮೆ ಪರೀಕ್ಷಿಸಲೇಬೇಕು. ಆದರೆ ಆ ಹೊತ್ತಿಗೆ ನಮ್ಮ ಭಾಗ ಸರಿಯಾಗಿದೆಯೆಂಬುದನ್ನು ನಾವು ಬಲ್ಲೆವು. ಉಳಿದ ದೋಷವನ್ನು ಎಲ್ಲಿ ಹುಡುಕಬೇಕೆಂಬುದನ್ನೂ ಬಲ್ಲೆವು.